ಕೇಂದ್ರ ವಾಣಿಜ್ಯ ಸಚಿವರಿಗೆ, ಈರುಳ್ಳಿಯ ವಿಷಯವಾಗಿ

ಮಾನ್ಯ ಸಚಿವರೆ,

1966ರಲ್ಲಿ ಮುಂಬಯಿಯ ರೇಷನ್ ಅಂಗಡಿಗಳ ಮುಂದೆ ಅಮೆರಿಕದ ಕೆಂಪು ಗೋಧಿಗಾಗಿ ಚೀಲ ಹಿಡಿದು ನಿಂತ, ಸಂಜೆಯಾಗುತ್ತಲೇ ಬಿರುಸಾಗುವ ಅದರ ಚಪಾತಿಯನ್ನು ಮರುಮಾತಿಲ್ಲದೆ ತಿಂದ ತಲೆಮಾರಿಗೆ ಸೇರಿದವನು ನಾನು. ಅಧ್ಯಕ್ಷ ಜಾನ್ಸನ್ನರು ದೀರ್ಘಾವಧಿಯ ಒಪ್ಪಂದವನ್ನು ತಡೆಹಿಡಿದು, ಧಾನ್ಯದ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಡುತ್ತ, ನಮ್ಮ ಕೃಷಿನೀತಿಯನ್ನೂ ವಿಯೆಟ್ನಾಮಿನ ಯುದ್ಧವನ್ನು ಕುರಿತು ನಾವಾಡುವ ಮಾತನ್ನೂ ತೂಗಿನೋಡುತ್ತಿದ್ದ ಕಾಲವದು. ಆ ಗೋಧಿ ಹೊರಡದಿದ್ದರೆ ಅವರ ಕಣಜ ತುಂಬಿ ಉಳಿಯುತ್ತಿತ್ತು, ಅಷ್ಟೆ. ಬಾರದಿದ್ದರೆ ನಮ್ಮ ಒಲೆಯೇ ಆರುತ್ತಿತ್ತು. ರಾಷ್ಟ್ರಗಳ ಪರಸ್ಪರಾವಲಂಬನದಲ್ಲಿ ಒಂದಕ್ಕೆ ಇನ್ನೊಂದರ ಮೇಲೆ ಅಧಿಕಾರ ದೊರೆಯುವುದು ಈ ಅಸಮತೆಯಿಂದಲೇ ಎಂಬುದನ್ನು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1945ರಷ್ಟು ಹಿಂದೆಯೇ ಗ್ರಂಥಸ್ಥಗೊಳಿಸಿದ್ದರು.

ಇಂದು, ಈರುಳ್ಳಿಯ ಮಟ್ಟಿಗಾದರೂ, ಕೊಡುವ ಕೈ ನಮ್ಮದಾಗಿದೆ. ನಾವು ಈರುಳ್ಳಿಯ ರಫ್ತನ್ನು ನಿಷೇಧಿಸಿದ್ದ 2019ರ ಅಕ್ಟೋಬರಿನಲ್ಲಿ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ದಿಲ್ಲಿಗೆ ಬಂದಾಗ, ತಮ್ಮ ಅಡುಗೆಯವನಿಗೆ ಈರುಳ್ಳಿ ಹಾಕಬೇಡವೆಂದು ಹೇಳಿರುವುದಾಗಿ ವಿನೋದವಾಗಿ ನುಡಿದು, ಮುಂದೆ ರಫ್ತು ನಿಲ್ಲಿಸುವುದಿದ್ದರೆ ಮೊದಲೇ ತಿಳಿಸಿರೆಂದು ಕೇಳಿಕೊಂಡಿದ್ದರು. ವರ್ಷ ತುಂಬುವ ಮೊದಲೇ, 2020ರ ಸೆಪ್ಟೆಂಬರ್ 14ರಂದು, ಯಾವ ಮುನ್ಸೂಚನೆಯೂ ಇಲ್ಲದೆ ನಿಷೇಧ ಮತ್ತೆ ಜಾರಿಯಾಯಿತು. ಮುಂಬಯಿಯ ನಮ್ಮ ಆಂಟಾಪ್ ಹಿಲ್‌ನಿಂದ ಕೊಲ್ಲಿಯಾಚೆಗಿರುವ ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರುಗಳೂ ಬಾಂಗ್ಲಾ ಗಡಿಯಲ್ಲಿ ಲಾರಿಗಳೂ ಸರಕಿನೊಡನೆ ಸಿಕ್ಕಿಬಿದ್ದವು. 2023ರ ಡಿಸೆಂಬರಿನಲ್ಲಿ ಇದೇ ಪುನರಾವರ್ತನೆ. ನಮ್ಮ ಓಣಿಯ ಕೈಗಾಡಿಯಲ್ಲಿ ಬೆಲೆ ಇಳಿಯಲೆಂಬ ತಮ್ಮ ಉದ್ದೇಶವನ್ನು ನಾನು ಹಳಿಯಲಾರೆ. ಆ ಲಾಭವನ್ನುಂಡವರಲ್ಲಿ ನಾನೂ ಒಬ್ಬ. ಆದರೆ ಢಾಕಾ ಸುಮ್ಮನೆ ಕುಳಿತಿತೆ? ಮ್ಯಾನ್ಮಾರ್, ಈಜಿಪ್ಟ್, ಟರ್ಕಿ, ಕಡೆಗೆ ಪಾಕಿಸ್ತಾನದವರೆಗೂ ಅದು ಅರಸಿಕೊಂಡು ಹೋಯಿತು. ಜಾನ್ಸನ್ನರ ಬಿಗಿಹಿಡಿತ ನಮ್ಮನ್ನು ಹಸುರು ಕ್ರಾಂತಿಯತ್ತ ನೂಕಿದುದನ್ನು ನೆನೆದರೆ ಇದರಲ್ಲಿ ಸೋಜಿಗವೇನೂ ಇಲ್ಲ.

ಇದಕ್ಕಿಂತ ವಿಚಿತ್ರವಾದುದು ಚಿಕ್ಕಬಳ್ಳಾಪುರ, ಕೋಲಾರಗಳ ಗುಲಾಬಿ ಈರುಳ್ಳಿಯ ಪಾಡು. ಘಾಟು ಹೆಚ್ಚೆಂದು ನಮ್ಮ ಅಡುಗೆಮನೆಗಳು ಅದನ್ನು ಅಷ್ಟಾಗಿ ಬಳಸವು. ಮಲೇಷ್ಯಾ, ಸಿಂಗಪುರ, ಶ್ರೀಲಂಕೆಗಳಿಗೆಂದೇ ರೈತರು ಅದನ್ನು ಬೆಳೆಯುತ್ತಾರೆ. ದೇಶದ ಗ್ರಾಹಕನಿಗೆ ಬೇಡವಾದ ಈ ಬೆಳೆಯನ್ನೂ ಗ್ರಾಹಕನ ಹೆಸರಿನಲ್ಲಿಯೇ ತಡೆದು, ಬಳಿಕ 2020ರ ಅಕ್ಟೋಬರಿನಲ್ಲಿ 10,000 ಟನ್ನಿಗೆ ಮಾತ್ರ, ಅದೂ ಚೆನ್ನೈ ಬಂದರಿನ ಮೂಲಕವೇ, ಅನುಮತಿ ಕೊಡಲಾಯಿತು.

ಆದುದರಿಂದ ನನ್ನ ಬಿನ್ನಹವಿಷ್ಟೆ: ಗುಲಾಬಿ ಈರುಳ್ಳಿಯನ್ನು ನಿಷೇಧದಿಂದ ಶಾಶ್ವತವಾಗಿ ಹೊರಗಿಡಿ, ಒಪ್ಪಂದವಾಗಿ ಬಂದರನ್ನೋ ಗಡಿಯನ್ನೋ ತಲುಪಿದ ಸರಕನ್ನು ಹೋಗಗೊಡಿ, ಉಳಿದುದನ್ನು ನಿಲ್ಲಿಸಲೇಬೇಕಾದ ವರ್ಷ, ನೆರೆಯವರಿಗೆ ಒಂದು ತಿಂಗಳು ಮುಂಚಿತವಾಗಿ ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಆಂಟಾಪ್ ಹಿಲ್‌ನ ಒಬ್ಬ ಕನ್ನಡಿಗ