ಕಾರು ಅವರದು, ಬಸ್ಸು ನಮ್ಮದು!
ಅಲ್ಲ ಗುರುವೇ, 1987ರ ‘ಪ್ರೇಮಲೋಕ’ದಲ್ಲಿ ರವಿಚಂದ್ರನ್ ಬೈಕೇರಿ ಬಂದರು. ಬೈಕು ನಮ್ಮದಲ್ಲದಿದ್ರೂ ಹಂಸಲೇಖರ ಹಾಡು ನಮ್ಮದಾಯ್ತು. ಈಗ ಯೂಟ್ಯೂಬಿನ ಕನ್ನಡ ರ‍್ಯಾಪ್ ನೋಡಿ. ಚಂದನ್ ಶೆಟ್ಟಿಯ ‘3 ಪೆಗ್’ ಹಿಟ್ಟಾದ ಮೇಲೆ ನಾನು ನೋಡಿದ ಎಷ್ಟೋ ವಿಡಿಯೋಗಳಲ್ಲಿ ಸಿಟಿ ಹುಡುಗ ಅಂದ್ರೆ ಪಾರ್ಟಿ, ಕಾರು, ಕೂಲಿಂಗ್ ಗ್ಲಾಸು. ದುಡ್ಡೆಲ್ಲಿಂದ ಬಂತು ಅನ್ನೋದು ಮಾತ್ರ ಗುಟ್ಟು!

2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಟ್ಟಿತು. ಹೆಸರಲ್ಲಿ ನಾವೂ ಬೆಂಗಳೂರಿನೋರೇ! ಆದರೆ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಮೂಟೆ ಹೊರೋನು, ಚನ್ನಪಟ್ಟಣದ ಬೊಂಬೆಗೆ ಅರಗಿನ ಬಣ್ಣ ಕೊಡೋನು, ಮಾಗಡಿ, ಕನಕಪುರದಿಂದ ಬೆಳಗಿನ ಬಸ್ಸಲ್ಲಿ ನೇತಾಡಿ ದುಡಿಯೋಕೆ ಹೋಗೋನು, ಇವರು ಆ ವಿಡಿಯೋಗಳಲ್ಲಿ ಎಲ್ಲಿ? ನೋಡಿ ನೋಡಿ ಹಿಟ್ ಮಾಡೋರು ಇವರೂ ತಾನೇ?

ಒಂದ್ಸಲ ಆ ಬಸ್ಸಿಗೂ ಕ್ಯಾಮೆರಾ ಹತ್ತಿಸ್ರಪ್ಪ. ತಾಳ ಅಲ್ಲೂ ಇದೆ!