ಹಾಡಿಸುವವರಿಗೂ ಒಂದು ಎಂ.ಎ. ಬೇಕು

ಗೆ,
ಮಾನ್ಯ ಕುಲಪತಿಗಳು,
ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ,
ಮೈಸೂರು.

ಮಾನ್ಯರೇ,

ಒಂದು ಬೇಡಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ, ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಸ್ವಸಹಾಯ ಸಂಘದ ಹೆಂಗಸರು, ಆದಿವಾಸಿ ಹಾಡಿಯ ಮಕ್ಕಳು, ಜೈಲಿನಲ್ಲಿರುವವರು, ವೃದ್ಧಾಶ್ರಮದ ಹಿರಿಯರು, ಇಂಥವರ ನಡುವೆ ಹಾಡಿನ ಗುಂಪು ಕಟ್ಟಿ ನಡೆಸುವ ಕಲಾವಿದರಿಗಾಗಿ ತಾವು ಎರಡು ವರ್ಷದ ಒಂದು ಎಂ.ಎ. ಶುರುಮಾಡಬೇಕು. ಗಾಯನದ ಎಂ.ಎ.ಗೆ ಅಂಟಿಸಿದ ಐಚ್ಛಿಕ ಪತ್ರಿಕೆಯಾಗಿ ಅಲ್ಲ. ತನ್ನದೇ ಪ್ರವೇಶ, ತನ್ನದೇ ಪಾಠ, ತನ್ನದೇ ಪರೀಕ್ಷೆ ಇರುವ ಕೋರ್ಸಾಗಿ.

ಚೆನ್ನಾಗಿ ಹಾಡಬಲ್ಲವರಿಗೆ ನಾಲ್ಕು ಜನರನ್ನು ಕೂರಿಸಿಕೊಂಡು ಹಾಡಿಸುವುದು ಬರುವುದಿಲ್ಲವೇ ಎಂದು ತಾವು ಕೇಳಬಹುದು. ಬಹಳ ಸಲ ಬರುವುದಿಲ್ಲ. ಶ್ರುತಿಯ ವಿಷಯವನ್ನೇ ನೋಡಿ. ವಿದ್ವತ್ ಮುಗಿಸಿದ ಹುಡುಗಿ ಸಂಘದ ಕೋಣೆಗೆ ಬರುತ್ತಾಳೆ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿ, ತನಗೆ ರೂಢಿಯಾದ ಐದೂವರೆ ಮನೆಗೆ ಶ್ರುತಿ ಇಡುತ್ತಾಳೆ. ಎದುರಿಗೆ ಎಲೆ ಅಡಿಕೆ ಮೆಲ್ಲುತ್ತಿರುವ ಅಜ್ಜಿ, ತೊಡೆಯ ಮೇಲೆ ಕೂಸು ಮಲಗಿಸಿಕೊಂಡ ಬಾಣಂತಿ, ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಮೆಷಿನ್ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಕಟ್ಟಿದವರು. ಪಲ್ಲವಿ ಹೇಗೋ ದಾಟುತ್ತದೆ. ಚರಣದಲ್ಲಿ ಮೇಲಿನ ಷಡ್ಜ ಬಂದಾಗ ಅರ್ಧ ಜನ ಬಾಯಿ ಮುಚ್ಚುತ್ತಾರೆ, ಇನ್ನರ್ಧ ಜನ ಕಿರುಚುತ್ತಾರೆ. "ಶ್ರುತಿ ಸೇರಿಸಿ ಹಾಡಿ ಅಮ್ಮಾ" ಅನ್ನುತ್ತಾಳೆ ಹುಡುಗಿ. ಮುಂದಿನ ವಾರ ಅಜ್ಜಿ ಬರುವುದಿಲ್ಲ.

ಆ ಹುಡುಗಿಯ ಸಂಗೀತದಲ್ಲಿ ಏನೂ ಕೊರತೆಯಿಲ್ಲ. ಎದುರಿಗೆ ಕೂತವರ ಶ್ರುತಿ ಎಲ್ಲಿದೆ ಎಂದು ಹುಡುಕುವುದನ್ನು ಮಾತ್ರ ಅವಳಿಗೆ ಯಾರೂ ಕಲಿಸಿಲ್ಲ. "ಅಜ್ಜಿ, ನಿಮಗೆ ಬರೋ ಒಂದು ಸೋಬಾನೆ ಹೇಳಿ" ಅಂದಿದ್ದರೆ, ಅಜ್ಜಿ ಹಾಡು ಎತ್ತಿಕೊಂಡ ಜಾಗದಲ್ಲೇ ಆ ಗುಂಪಿನ ಶ್ರುತಿ ಸಿಕ್ಕಿಬಿಡುತ್ತಿತ್ತು. ಇದು ಕಲಿಸಬಹುದಾದ ವಿದ್ಯೆ. ದನಿ ಒಡೆಯುವ ವಯಸ್ಸಿನ ಹುಡುಗನಿಗೆ ಎಷ್ಟು ಸ್ವರಗಳ ಹಾಡು ಆರಿಸಬೇಕು ಅನ್ನುವುದೂ ಕಲಿಸಬಹುದಾದದ್ದೇ. ಅದು ಗೊತ್ತಿಲ್ಲದ ಮೇಷ್ಟ್ರುಗಳು "ನೀನು ಸುಮ್ಮನೆ ಬಾಯಾಡಿಸು" ಅಂದುಬಿಡುತ್ತಾರೆ. ಹಾಗೆ ಅನ್ನಿಸಿಕೊಂಡ ಗಂಡಸರು ನಮ್ಮಲ್ಲಿ ತುಂಬ ಇದ್ದಾರೆ, ಅರವತ್ತಾದರೂ ಆರತಿ ಹೊತ್ತಿನಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತಾರೆ.

ಹೊರದೇಶಗಳಲ್ಲಿ ಈ ಓದು ಹೊಸದಲ್ಲ. ಐರ್ಲೆಂಡಿನ ಲಿಮೆರಿಕ್ ವಿಶ್ವವಿದ್ಯಾಲಯದಲ್ಲೂ ಇಂಗ್ಲೆಂಡಿನ ಯಾರ್ಕ್ ಸೇಂಟ್ ಜಾನ್ ವಿಶ್ವವಿದ್ಯಾಲಯದಲ್ಲೂ ಸಮುದಾಯ ಸಂಗೀತಕ್ಕೆಂದೇ ಸ್ನಾತಕೋತ್ತರ ಪದವಿ ಕಟ್ಟಿದ್ದಾರೆ. ಅವರ ಪಠ್ಯವನ್ನು ತಂದು ಅನುವಾದಿಸಿ ಎನ್ನುತ್ತಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಇರುವ ನಾಡಿನಲ್ಲಿ ಅದರ ಅಗತ್ಯವೂ ಇಲ್ಲ. ಪಂಚಾಕ್ಷರ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರನ್ನೂ ಕೊಟ್ಟರು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು. ಕಲೆ, ಹಣ, ಅನ್ನ ಒಂದಕ್ಕೊಂದು ಹೇಗೆ ತಗಲಿಕೊಂಡಿರುತ್ತವೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ದೇಶದಲ್ಲಿ ಹುಡುಕಬೇಕು?

ಆದರೆ ಭಕ್ತಿಯೊಂದೇ ಸಾಲದು, ಅನುಮಾನವೂ ಪಠ್ಯದಲ್ಲಿರಬೇಕು. ವೆನೆಜುವೆಲಾದಲ್ಲಿ 1975ರಲ್ಲಿ ಹೊಸೆ ಆಂತೋನಿಯೊ ಅಬ್ರೆಯು ಶುರುಮಾಡಿದ ಎಲ್ ಸಿಸ್ತೆಮಾ, ಬಡ ಮಕ್ಕಳಿಗೆ ಪಿಟೀಲು ಕೊಟ್ಟು ವಾದ್ಯವೃಂದ ಕಟ್ಟಿ ಜಗತ್ತಿನಾದ್ಯಂತ ಹೆಸರಾಯಿತು. ಜೆಫ್ರಿ ಬೇಕರ್ ಎಂಬ ಬ್ರಿಟಿಷ್ ವಿದ್ವಾಂಸರು ಅಲ್ಲಿಗೆ ಹೋಗಿ ಕೂತು ನೋಡಿ, ಆ ಸಂಸ್ಥೆಯೊಳಗಿನ ಕಟ್ಟುನಿಟ್ಟು, ಮೇಲಿನವರ ದರ್ಬಾರು, ಸಾಮಾಜಿಕ ಬದಲಾವಣೆಯ ಉತ್ಪ್ರೇಕ್ಷಿತ ಮಾತು ಎಲ್ಲವನ್ನೂ 2014ರಲ್ಲಿ ಪುಸ್ತಕವಾಗಿ ಬರೆದರು. ದೊಡ್ಡ ಗದ್ದಲವಾಯಿತು. ಯಾರು ಸರಿ ಎಂಬುದು ಇಲ್ಲಿ ಮುಖ್ಯವಲ್ಲ. ಬಡವರಿಗೆ ಸಂಗೀತ ಕಲಿಸಿದಾಕ್ಷಣ ಅದು ಸಮಾಜಸೇವೆಯಾಗಿಬಿಡುವುದಿಲ್ಲ ಎಂದು ತರಗತಿಯಲ್ಲಿ ಕೂತು ವಾದ ಮಾಡುವ ಜಾಗ ನಮ್ಮ ಹುಡುಗರಿಗೆ ಬೇಕು.

ನಮ್ಮಲ್ಲಿ ನಡೆಯುವುದು ತಮಗೆ ಗೊತ್ತಿಲ್ಲದ್ದೇನಲ್ಲ. ಅನುದಾನ ಬರುತ್ತದೆ. ಮೊದಲು ಬ್ಯಾನರು, ಆಮೇಲೆ ಫೋಟೋ, ಟೈಮಿದ್ದರೆ ಹಾಡು. ಮಾರ್ಚ್ ತಿಂಗಳಲ್ಲಿ ಬಿಲ್ಲು, ವೋಚರು, ಹಣ ಬಳಕೆಯ ಪ್ರಮಾಣಪತ್ರ ಸಲ್ಲಿಸಿ ಕಲಾವಿದರು ಊರಿಗೆ ಹೋಗುತ್ತಾರೆ. ಎಂಟು ತಿಂಗಳು ಪ್ರತಿ ಶನಿವಾರ ಸೇರುತ್ತಿದ್ದ ಮಕ್ಕಳು ಒಂಬತ್ತನೇ ತಿಂಗಳು ಬಾಗಿಲ ಹತ್ತಿರ ಬಂದು ಕಾದು ವಾಪಸಾಗುತ್ತಾರೆ. ನನ್ನ ಕೇಳಿದರೆ, ಈ ಎಂ.ಎ.ಯಲ್ಲಿ ಇಡೀ ಒಂದು ಸೆಮಿಸ್ಟರನ್ನು ಇದೊಂದಕ್ಕೇ ಮೀಸಲಿಡಬೇಕು: ಒಂದು ಊರಿನಿಂದ ಹೊರಡುವುದು ಹೇಗೆ? ಗುಂಪಿನೊಳಗೆ ಯಾರಿಗೆ ಹಾರ್ಮೋನಿಯಂ ಒಪ್ಪಿಸಿ ಬರಬೇಕು, ಕೋಣೆಯ ಬೀಗದ ಕೈ ಯಾರ ಹತ್ತಿರ ಇರಬೇಕು, ಹಾಡಿನ ರೆಕಾರ್ಡಿಂಗ್ ಯೂಟ್ಯೂಬಿಗೆ ಹೋದರೆ ಯಾರ ಹೆಸರು ಹಾಕಬೇಕು? "ಸಂಗ್ರಹ" ಎಂದು ತಮ್ಮ ಹೆಸರು ಬರೆದುಕೊಂಡು ಹಾಡಿದವಳನ್ನು "ಗ್ರಾಮೀಣ ಮಹಿಳೆ" ಮಾಡುವ ಚಾಳಿ ನಮ್ಮಲ್ಲಿ ಹಳೆಯದು.

ಇಂಥ ಕೋರ್ಸಿನ ಪ್ರಯೋಗಕ್ಕೆ ಮೈಸೂರಿಗಿಂತ ಒಳ್ಳೆಯ ಊರಿಲ್ಲ. ರಂಗಾಯಣದ ಹುಲುಗಪ್ಪ ಕಟ್ಟಿಮನಿಯವರು ಕೈದಿಗಳಿಂದ ನಾಟಕ ಮಾಡಿಸಿದ ಅನುಭವ ಇಲ್ಲೇ ಇದೆ. ಎಚ್.ಡಿ. ಕೋಟೆಯ ಹಾಡಿಗಳು, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪು ದೂರವಲ್ಲ. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯವರಿಗೆ ಗಂಟಲಿನ ವಿಷಯ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಪಾಠ ಮಾಡುವವರು. ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ ಅಕ್ಷರ ಬರುತ್ತಿರಲಿಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ ಅವರ ತಲೆಯಲ್ಲಿತ್ತು, ಅದೇ ಸುಕ್ರಜ್ಜಿ ಊರಿನ ಹೆಂಗಸರನ್ನು ಕೂಡಿಸಿ ಸಾರಾಯಿ ವಿರುದ್ಧ ಬೀದಿಗಿಳಿದರು. 2017ರಲ್ಲಿ ಪದ್ಮಶ್ರೀ ಬಂತು. 2022ರಲ್ಲಿ ಯು.ಜಿ.ಸಿ. 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿ ತಂದಿತು: ಕ್ಷೇತ್ರದಲ್ಲಿ 15 ವರ್ಷ ದುಡಿದು ಹೆಸರಾದವರನ್ನು, ಪದವಿ ಇಲ್ಲದಿದ್ದರೂ, ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯಲ್ಲಿ ಪ್ರಾಧ್ಯಾಪಕರಾಗಿ ಕರೆಯಬಹುದು. ಸುಕ್ರಜ್ಜಿ ತೀರಿಕೊಂಡದ್ದು 2025ರಲ್ಲಿ. ಕಾಯಲು ನಮ್ಮ ಹತ್ತಿರ ಸಮಯವಿಲ್ಲ ಅನ್ನುವುದಕ್ಕೆ ಈ ಮೂರು ಇಸವಿಗಳು ಸಾಕು. ಜೋಗತಿ ಮಂಜಮ್ಮನವರು ನಮ್ಮ ನಡುವೆ ಇದ್ದಾರೆ, ಜಾನಪದ ಅಕಾಡೆಮಿಯನ್ನೇ ನಡೆಸಿದವರು. ಯಾರಿಗೂ ಬೇಡವಾದವರು ಚೌಡಿಕೆ ಹಿಡಿದು ಬದುಕು ಕಟ್ಟಿಕೊಂಡದ್ದು ಹೇಗೆ ಎಂಬುದನ್ನು ಅವರಿಗಿಂತ ಬಲ್ಲ ಪ್ರಾಧ್ಯಾಪಕರು ಎಲ್ಲಿದ್ದಾರೆ?

ಪ್ರವೇಶಕ್ಕೆ ಸಂಗೀತದ ಪದವಿಯೇ ಬೇಕು ಎಂದು ಹಾಕಬೇಡಿ. ಬಿ.ಕಾಂ. ಓದಿ ಭಜನಾ ಮಂಡಳಿ ನಡೆಸುವವನು ಬರಲಿ, ಅಂಗನವಾಡಿ ಕಾರ್ಯಕರ್ತೆ ಬರಲಿ. ಪದವಿಯೇ ಇಲ್ಲದವರಿಗೆ ಅದೇ ತರಗತಿಯಲ್ಲಿ ಕೂತು ಡಿಪ್ಲೊಮಾ ಪಡೆಯುವ ದಾರಿ ಇರಲಿ. ತಮ್ಮ ವಿಶ್ವವಿದ್ಯಾಲಯ ಹೊತ್ತಿರುವುದು ಪ್ರಾಥಮಿಕ ಶಾಲೆಯಾಚೆ ಓದದ ಗಾಯಕಿಯೊಬ್ಬರ ಹೆಸರನ್ನು ಎಂದೇ ಇಷ್ಟು ಧೈರ್ಯವಾಗಿ ಕೇಳುತ್ತಿದ್ದೇನೆ.

ಪರೀಕ್ಷೆಯನ್ನು ದಯವಿಟ್ಟು ಸಭಾಂಗಣದಲ್ಲಿ ಮಾಡಬೇಡಿ. ಪರೀಕ್ಷಕರು ಆ ಗುಂಪು ಸೇರುವ ಜಾಗಕ್ಕೆ ಬರಲಿ, ವಿದ್ಯಾರ್ಥಿಯನ್ನು ಹೊರಗೆ ಕೂರಿಸಿ ಗುಂಪನ್ನು ಕೇಳಲಿ. ಆ ದಿನ ವಿದ್ಯಾರ್ಥಿ ಇಲ್ಲದೆಯೇ ಗುಂಪು ಹಾಡಿದರೆ ಪೂರ್ತಿ ಅಂಕ.

ಒಂದು ಭಯ ನನಗೂ ಇದೆ. ಸರ್ಟಿಫಿಕೇಟು ಹುಟ್ಟಿದ ಕಡೆ ಅದಿಲ್ಲದವರನ್ನು ಹೊರಗೆ ನಿಲ್ಲಿಸುವ ಕೆಲಸವೂ ಹುಟ್ಟುತ್ತದೆ. ನಾಳೆ ಯಾವುದೋ ಇಲಾಖೆ "ಈ ಎಂ.ಎ. ಆದವರಿಗೆ ಮಾತ್ರ ಯೋಜನೆ" ಎಂದು ಸುತ್ತೋಲೆ ಹೊರಡಿಸಿದರೆ, ಮೂವತ್ತು ವರ್ಷದಿಂದ ಗೀಗೀ ಮೇಳ ನಡೆಸುವವರ ಗತಿಯೇನು? ಹಾಗೆ ಬಳಸಕೂಡದು ಎಂದು ಕೋರ್ಸಿನ ನಿಯಮಾವಳಿಯಲ್ಲೇ ತಾವು ಬರೆಸಬೇಕು. ಅದು ಸಾಧ್ಯವಿಲ್ಲ ಎಂದಾದರೆ ಈ ಕೋರ್ಸೇ ಬೇಡ, ಬೇಡಿಕೆ ಹಿಂದಕ್ಕೆ ಪಡೆಯುತ್ತೇನೆ.

ಒಪ್ಪುವುದಾದರೆ ಅಧ್ಯಯನ ಮಂಡಳಿಯ ಮೊದಲ ಸಭೆಗೆ ಗುಂಪು ನಡೆಸುವ ಐದಾರು ಜನರನ್ನು ಕರೆಯಿರಿ. ಸಭೆ ಭಾನುವಾರ ಇರಲಿ, ಕೂಲಿ ತಪ್ಪುವುದಿಲ್ಲ. ಬಸ್ಸಿನ ಖರ್ಚನ್ನು ಅಂದೇ ನಗದಾಗಿ ಕೊಡಿಸಿ. ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ತಂದಿಲ್ಲ ಎಂದು ಟಿ.ಎ. ಬಿಲ್ಲು ತಿಂಗಳುಗಟ್ಟಲೆ ನಿಂತರೆ ಅವರು ಎರಡನೇ ಸಭೆಗೆ ಬರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಹಾಡಿನ ಗುಂಪುಗಳ ಜೊತೆ ಕೆಲಸ ಮಾಡುವ ಒಬ್ಬಳು ಸಂಗೀತ ಶಿಕ್ಷಕಿ