ಗೂಡು ಹಕ್ಕಿಗೋ, ನೋಡುವವರಿಗೋ?



ಹೋದ ವರ್ಷ ಫೆಬ್ರವರಿ 28ರಂದು ನಮ್ಮ ಶಾಲೆಯಲ್ಲಿ ವಿಜ್ಞಾನ ದಿನ ಆಚರಿಸಿದ್ದು ನಿಮಗೆಲ್ಲ ನೆನಪಿರಬಹುದು. ಅವತ್ತು ನಾವು ಖಾಲಿ ತಗಡಿನ ಡಬ್ಬಗಳಿಗೆ ತೂತು ಕೊರೆದು, ಕೆಂಪು ಹಸಿರು ಬಣ್ಣ ಬಳಿದು, ಗುಬ್ಬಚ್ಚಿ ಗೂಡು ಅಂತ ಮಾಡಿದೆವು. ಎಲ್ಲರಿಗೂ ಕಾಣಲಿ ಎಂದು ಗೇಟಿನ ಹತ್ತಿರದ ಕಂಬಗಳಿಗೆ ಕಟ್ಟಿದೆವು. ಫೋಟೋ ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ಡಬ್ಬಕ್ಕೆ ನಿಜವಾಗಲೂ ಗುಬ್ಬಚ್ಚಿ ಬಂತು. ಹುಲ್ಲು, ಪುಕ್ಕ, ತೆಂಗಿನ ನಾರು ಎಲ್ಲ ಹೊತ್ತು ತಂದಿತು. ಏಪ್ರಿಲ್ ಮೊದಲ ವಾರದಲ್ಲಿ ಒಳಗಿಂದ ಚೀಂವ್ ಚೀಂವ್ ಅಂತ ಸದ್ದು ಕೇಳಿಸುತ್ತಿತ್ತು. ಆಮೇಲೆ ಒಂದು ದಿನ ಸದ್ದು ನಿಂತು ಹೋಯಿತು. ಮೇಷ್ಟ್ರು ಕುರ್ಚಿ ಹತ್ತಿ ಡಬ್ಬ ಇಳಿಸಿದರು. ಒಳಗೆ ಮೂರು ಮರಿ ಸತ್ತಿದ್ದವು. ಡಬ್ಬ ಮುಟ್ಟಿದರೆ ಕೈ ಸುಡುತ್ತಿತ್ತು.

ಆ ಡಬ್ಬದ ಮೇಲೆ ನನ್ನ ಹೆಸರು ಇತ್ತು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಈ ವರ್ಷ ಮತ್ತೆ ಗೂಡಿನ ಮಾತು ಬಂದಿದೆ. ಕೆಲವರು, ದಾನಿಗಳನ್ನು ಕೇಳಿ ಪೇಟೆಯಿಂದ ರೆಡಿ ಗೂಡು ತರಿಸೋಣ ಅಂತಾರೆ. ಇನ್ನು ಕೆಲವರು, ಯಾಕೆ ಬೇಕು ಈ ಉಸಾಬರಿ, ಬಿಟ್ಟುಬಿಡೋಣ ಅಂತಾರೆ. ನನಗೆ ಎರಡೂ ಸರಿ ಅನ್ನಿಸುವುದಿಲ್ಲ. ದುಡ್ಡು ಖರ್ಚು ಮಾಡದೆ ಇದ್ದದ್ದು ನಮ್ಮ ತಪ್ಪಲ್ಲ. ಹಕ್ಕಿಗೆ ಏನು ಬೇಕು ಅಂತ ಯೋಚನೆ ಮಾಡದೆ ಇದ್ದದ್ದು ತಪ್ಪು. ನಾವು ಗೂಡು ಮಾಡಿದ್ದು ಹಕ್ಕಿಗಲ್ಲ, ನೋಡುವವರಿಗೆ.

ನಮ್ಮ ಅಜ್ಜಿ ಹೇಳುತ್ತಾರೆ, "ಹಂಚಿನ ಮನೆ ಇದ್ದಾಗ ಗುಬ್ಬಿಗೆ ಯಾರು ಗೂಡು ಮಾಡಿಕೊಟ್ಟಿದ್ರು ಕಣವ್ವ? ಸೂರಿನ ಸಂದೀಲಿ, ದೇವರ ಪಟದ ಹಿಂದೆ ಅವೇ ಮಾಡ್ಕೊಳ್ಳೋವು" ಎಂದು. ಈಗ ನಮ್ಮ ಬೀದಿಯಲ್ಲಿ ಮುಕ್ಕಾಲು ಪಾಲು ಆರ್‌ಸಿಸಿ ಮನೆಗಳು. ಸಂದಿ ಎಲ್ಲಿದೆ? ಆದ್ದರಿಂದ ಗೂಡು ಬೇಕು. ಆದರೆ ಅದು ಸೂರಿನ ಸಂದಿಯ ಹಾಗೆ ತಣ್ಣಗೆ, ಕತ್ತಲಾಗಿ ಇರಬೇಕು.

ನಾನು ಈ ಸಲ ನಮ್ಮ ಹಿತ್ತಲಲ್ಲಿ ಬಿಸಾಡಿದ್ದ ಸೋರುವ ಮಣ್ಣಿನ ಕುಡಿಕೆಯಲ್ಲಿ ಗೂಡು ಮಾಡಿದೆ. ಕುಡಿಕೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಬೇಕು. ಬೆಳಿಗ್ಗೆ ಹಳೇ ಮೊಳೆಯಿಂದ ನಿಧಾನವಾಗಿ ಕೆರೆದು ಕೆರೆದು ತೂತು ಮಾಡಬೇಕು. ಅವಸರ ಮಾಡಿದರೆ ಒಡೆದು ಹೋಗುತ್ತದೆ. ನನ್ನದು ಮೊದಲನೆಯದು ಒಡೆಯಿತು. ಗುಬ್ಬಚ್ಚಿಗೆ ಸುಮಾರು 32 ಮಿಲಿಮೀಟರ್ ಅಗಲದ ತೂತು ಸಾಕು. ಅದಕ್ಕಿಂತ ದೊಡ್ಡದಾದರೆ ಮೈನಾ ನುಗ್ಗುತ್ತದೆ. ತಳದಲ್ಲಿ ನಾಲ್ಕು ಸಣ್ಣ ತೂತು ಇರಬೇಕು, ಮಳೆ ನೀರು ಒಳಗೆ ಹೋದರೆ ಇಳಿದು ಹೋಗಲಿ ಅಂತ. ಕುಡಿಕೆಯ ಬಾಯಿಗೆ ಒಂದು ಹಲಗೆ ಚೂರು ಇಟ್ಟು ಬೈಂಡಿಂಗ್ ವೈರಿನಿಂದ ಕಟ್ಟಬೇಕು. ಮರಿಗಳು ಹಾರಿ ಹೋದ ಮೇಲೆ ಬಿಚ್ಚಿ ಕ್ಲೀನ್ ಮಾಡಬಹುದು. ಬಣ್ಣ ಬೇಡ. ತೂತಿನ ಮುಂದೆ ಕೂರುವುದಕ್ಕೆ ಅಂತ ಕಡ್ಡಿಯೂ ಬೇಡ. ಗುಬ್ಬಚ್ಚಿ ನೇರವಾಗಿ ಒಳಗೆ ಹೋಗುತ್ತದೆ. ಕಡ್ಡಿ ಇದ್ದರೆ ಮರಿ ತಿನ್ನಲು ಬರುವ ಕಾಗೆಗೇ ಅನುಕೂಲ. ವೈರಿಗೆ ಕೊಟ್ಟ 10 ರೂಪಾಯಿ ಬಿಟ್ಟರೆ ಬೇರೆ ಖರ್ಚಿಲ್ಲ.

ಎಲ್ಲಕ್ಕಿಂತ ಮುಖ್ಯ ಜಾಗ. ಇಡೀ ದಿನ ನೆರಳಿರುವ ಕಡೆ, ಸಜ್ಜಾದ ಕೆಳಗೆ, ಬೆಕ್ಕಿಗೆ ಸಿಗದ ಹಾಗೆ ಎಂಟು ಹತ್ತು ಅಡಿ ಎತ್ತರದಲ್ಲಿ ಕಟ್ಟಬೇಕು. ಶಾಲೆಯಲ್ಲಿ ಅಂಥ ಜಾಗ ಅಂದರೆ ಅಡುಗೆ ಕೋಣೆಯ ಹಿಂದಿನ ಗೋಡೆ. ಅಲ್ಲಿ ಕಟ್ಟಿದರೆ ಯಾರಿಗೂ ಕಾಣುವುದಿಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲ. ಕಾಣದಿದ್ದರೆ ಏನಂತೆ?

ನನ್ನ ಕುಡಿಕೆ ಕಡೆಗೆ ಮೂರು ತಿಂಗಳು ಒಂದು ಹಕ್ಕಿಯೂ ತಿರುಗಿ ನೋಡಲಿಲ್ಲ. ತಮ್ಮ ದಿನಾ ನಗುತ್ತಿದ್ದ. ಈಗ ಒಂದು ಜೋಡಿ ಹುಲ್ಲು ಹೊರುತ್ತಿದೆ. ಮೊಟ್ಟೆ ಇಟ್ಟ ಮೇಲೆ ಮರಿ ಬರಲು ಸುಮಾರು ಹನ್ನೆರಡು ದಿನ, ಮರಿ ಹಾರಲು ಇನ್ನೂ ಹದಿನೈದು ದಿನ ಬೇಕು. ಅಲ್ಲಿವರೆಗೆ ನಾನು ಗೆದ್ದೆ ಅಂತ ಹೇಳುವುದಿಲ್ಲ.

ಇನ್ನೊಂದು ಮಾತು. ಎಲ್ಲಾ ಹಕ್ಕಿಗೂ ಡಬ್ಬ, ಕುಡಿಕೆ ಬೇಕಾಗಿಲ್ಲ. ಟುವ್ವಿ ಹಕ್ಕಿ ಎಲೆಗಳನ್ನೇ ಹೊಲಿದು ಗೂಡು ಮಾಡುತ್ತದೆ. ಸೂರಕ್ಕಿ ಕೊಂಬೆಗೆ ಚೀಲದ ಹಾಗೆ ಗೂಡು ನೇತು ಹಾಕುತ್ತದೆ. ಪಿಕಳಾರ ಪೊದೆಯಲ್ಲಿ ಬಟ್ಟಲಿನ ಹಾಗೆ ಕಟ್ಟುತ್ತದೆ. ಇವುಗಳಿಗೆ ಬೇಕಾದದ್ದು ಗಿಡ. ನಮ್ಮ ಮನೆಗಳಲ್ಲಿ ಬಚ್ಚಲು ನೀರು ಬಾಳೆಗೆ, ತೆಂಗಿಗೆ ಹೋಗುತ್ತದಲ್ಲವೇ? ಹಾಗೆಯೇ ಶಾಲೆಯಲ್ಲಿ ಬಿಸಿಯೂಟದ ತಟ್ಟೆ ತೊಳೆದ ನೀರನ್ನು ಒಂದು ಸಣ್ಣ ಕಾಲುವೆ ಮಾಡಿ ಗಿಡಗಳಿಗೆ ಬಿಡಬಹುದು. ದಾಸವಾಳದ ಕಡ್ಡಿ ನೆಟ್ಟರೂ ಚಿಗುರುತ್ತದೆ. ನರ್ಸರಿಯಿಂದ ತರಬೇಕಾಗಿಲ್ಲ.

ಶನಿವಾರ ನಾವು ಕಸ ಗುಡಿಸಿ ತರಗೆಲೆಗೆ ಬೆಂಕಿ ಹಚ್ಚುತ್ತೇವೆ. ಇದನ್ನು ನಿಲ್ಲಿಸಬೇಕು. ಗುಬ್ಬಚ್ಚಿ ದೊಡ್ಡದಾದ ಮೇಲೆ ಕಾಳು ತಿನ್ನುತ್ತದೆ, ಆದರೆ ಮರಿಗೆ ಅದು ಹುಳು ಹುಪ್ಪಟೆಯನ್ನೇ ಹುಡುಕಿ ತಂದು ತಿನ್ನಿಸುತ್ತದೆ. ತರಗೆಲೆಯ ಕೆಳಗೆ ಹುಳುಗಳಿರುತ್ತವೆ. ಎಲೆ ಸುಟ್ಟರೆ ಮರಿಯ ಊಟ ಸುಟ್ಟ ಹಾಗೆ. ಎಲೆಯನ್ನು ಗಿಡದ ಬುಡಕ್ಕೆ ಹಾಕಿದರೆ ಗೊಬ್ಬರವೂ ಆಯಿತು, ನೀರೂ ಬೇಗ ಆರುವುದಿಲ್ಲ.

ನಮ್ಮಪ್ಪ ಕೇಳುತ್ತಾರೆ, "ರಾಗಿ ತೆನೆ ತಿನ್ನೋ ಹಕ್ಕಿಗೆ ಗೂಡು ಬೇರೆ ಕಟ್ತೀಯಾ?" ಅಂತ. ಅಪ್ಪ ಹೇಳುವುದರಲ್ಲಿ ಸುಳ್ಳಿಲ್ಲ. ತೆನೆ ಕಟ್ಟುವಾಗ ನಾವೇ ಹೊಲಕ್ಕೆ ಹೋಗಿ ತಗಡು ಬಡಿದು ಹಕ್ಕಿ ಓಡಿಸುತ್ತೇವೆ. ಆದರೆ ಓಡಿಸುವುದು ಬೇರೆ, ಇಲ್ಲದಂತೆ ಮಾಡುವುದು ಬೇರೆ. ಚೀನಾ ದೇಶದಲ್ಲಿ 1958ರಲ್ಲಿ ಗುಬ್ಬಿಗಳು ಕಾಳು ತಿನ್ನುತ್ತವೆ ಅಂತ ಊರೂರಲ್ಲೂ ಜನ ಪಾತ್ರೆ ಬಡಿದು, ಗೂಡು ಕಿತ್ತು ಅವನ್ನು ಕೊಂದರು. ಆಮೇಲೆ ಬೆಳೆ ತಿನ್ನುವ ಹುಳುಗಳು ಹೆಚ್ಚಾದವು. 1960ರಲ್ಲಿ ಗುಬ್ಬಿಯನ್ನು ಕೊಲ್ಲುವ ಪಟ್ಟಿಯಿಂದ ತೆಗೆದು, ಅದರ ಬದಲು ತಿಗಣೆಯನ್ನು ಸೇರಿಸಿದರು. ಇದನ್ನು ಹೇಳಿದ ಮೇಲೆ ಅಪ್ಪ ಏನೂ ಮಾತಾಡಲಿಲ್ಲ, ಆದರೆ ಕುಡಿಕೆ ಕಟ್ಟಲು ಏಣಿ ಹಿಡಿದುಕೊಂಡರು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಜನ ಓಡಿಸುವುದಿಲ್ಲ. ಅವರು ಗೂಡು ಮಾಡಿಕೊಟ್ಟಿಲ್ಲ, ಮರ ಉಳಿಸಿಕೊಟ್ಟಿದ್ದಾರೆ ಅಷ್ಟೇ.

ಕೊನೆಯದಾಗಿ ನೀರಿನ ವಿಷಯ. ಇದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ. ಸುಲಭ ಯಾಕೆಂದರೆ ಒಡೆದ ಮಡಕೆಯ ತಳ ಒಂದಿದ್ದರೆ ಸಾಕು. ಎರಡು ಬೆರಳು ಆಳ ನೀರು, ನಡುವೆ ಒಂದು ಕಲ್ಲು. ಸಣ್ಣ ಹಕ್ಕಿ, ಜೇನುಹುಳು ಕಲ್ಲಿನ ಮೇಲೆ ಕೂತು ಕುಡಿಯುತ್ತವೆ. ಕಷ್ಟ ಯಾಕೆಂದರೆ ದಿನಾ ಬೆಳಿಗ್ಗೆ ಹಳೇ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ಹಾಕಬೇಕು. ಒಂದು ವಾರ ಹಾಗೇ ಬಿಟ್ಟರೆ ಅದು ಹಕ್ಕಿಯ ತೊಟ್ಟಿ ಅಲ್ಲ, ಸೊಳ್ಳೆಯ ತೊಟ್ಟಿ.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಜೂನ್‌ನಿಂದ ಮಾರ್ಚ್‌ವರೆಗೆ ಸರದಿ ಪ್ರಕಾರ ನೀರು ಇಡುತ್ತೇವೆ. ಏಪ್ರಿಲ್‌ನಲ್ಲಿ ರಜೆ ಬಂತು ಅಂದರೆ ಅಜ್ಜಿ ಮನೆಗೆ ಹೋಗುತ್ತೇವೆ. ಕೆರೆ ಒಣಗುವುದು, ಬಿಸಿಲು ಸುಡುವುದು ಯಾವಾಗ? ಏಪ್ರಿಲ್, ಮೇ ತಿಂಗಳಲ್ಲೇ. ಅಂದರೆ ಮಳೆಗಾಲದಲ್ಲಿ ನೀರು ಇಟ್ಟು, ಬೇಸಿಗೆಯಲ್ಲಿ ಗೇಟಿಗೆ ಬೀಗ ಹಾಕಿ ಹೋಗುತ್ತೇವೆ. ಹಕ್ಕಿಗಳಿಗೆ ರಜೆ ಇದೆಯಾ?

ಆದ್ದರಿಂದ ನನ್ನ ಅಭಿಪ್ರಾಯ ಇದು. ಗೂಡು ಕೊಳ್ಳಲು ದಾನಿಗಳನ್ನು ಕೇಳುವುದು ಬೇಡ. ಮನೆಗೊಂದು ಸೋರುವ ಕುಡಿಕೆ ಸಿಕ್ಕೇ ಸಿಗುತ್ತದೆ. ಐದು ಗೂಡು ಸಾಕು, ನೆರಳಿನ ಗೋಡೆಗೆ ಕಟ್ಟೋಣ, ಯಾರ ಹೆಸರೂ ಬರೆಯುವುದು ಬೇಡ. ಶಾಲೆಯ ಪಕ್ಕದಲ್ಲೇ ಮನೆ ಇರುವ ನಾವು ಆರು ಜನ ಇದ್ದೇವೆ. ಮುಖ್ಯ ಗುರುಗಳು ಒಪ್ಪಿದರೆ ರಜೆಯ ದಿನಗಳನ್ನು ಹಂಚಿಕೊಂಡು ನೀರು ಹಾಕುತ್ತೇವೆ. ಗೇಟಿನ ಬೀಗದ ಕೈ ಬೇಕಾಗಿಲ್ಲ. ತೊಟ್ಟಿಯನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟರೆ ಹೊರಗಿನಿಂದಲೇ ಹಾಕಬಹುದು. ಮೊದಲ ವಾರ ನನ್ನದು.

ಮುಂದಿನ ವರ್ಷ ನಾನು ಈ ಶಾಲೆಯಲ್ಲಿ ಇರುವುದಿಲ್ಲ, ಹೈಸ್ಕೂಲಿಗೆ ಹೋಗುತ್ತೇನೆ. ಆರನೇ ತರಗತಿಯವರು ಯಾರಾದರೂ ನನ್ನ ವಾರವನ್ನು ತೆಗೆದುಕೊಳ್ಳುತ್ತೀರಾ? ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ. ಪೆನ್ಸಿಲಿನಲ್ಲಿ ಹೆಸರು ಬರೆಯಿರಿ.

— ಏಳನೇ ತರಗತಿಯ ವಿದ್ಯಾರ್ಥಿನಿ